ಮರಗಳ ಸಾನ್ನಿಧ್ಯ ಸಂಕೋಚ

ನನ್ನ ಉದ್ಯೋಗ ಏನೆಂದು ಊರಿನವರಿಗೆ ಒಂದೇ ಮಾತಿನಲ್ಲಿ ಹೇಳಲು ನನಗೆ ಇನ್ನೂ ಬಂದಿಲ್ಲ. ಕಟ್ಟಡದ ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ನನ್ನ ಕೆಲಸ ಶುರು. ಮರ ಎಲ್ಲಿರಬೇಕು, ಮಳೆನೀರು ಎಲ್ಲಿ ಇಂಗಬೇಕು, ಜನ ಎಲ್ಲಿ ನಡೆಯಬೇಕು ಎಂದು ನಕ್ಷೆ ಬರೆದು, ಅದಕ್ಕೆ ಕೌನ್ಸಿಲ್‌ನ, ಅಂದರೆ ನಗರಸಭೆಯ, ಒಪ್ಪಿಗೆ ಪಡೆಯುವುದು. ನನ್ನ ಅತ್ತೆ ಇದನ್ನು ತೋಟದ ಕೆಲಸ ಎಂದು ಕರೆದು ಮುಗಿಸಿಬಿಟ್ಟಿದ್ದರು. ಸಿಡ್ನಿಗೆ ಬಂದು ತಲೆಕೂದಲು ನರೆಯುವವರೆಗೆ ಈ ತೋಟದ ಕೆಲಸವನ್ನೇ ಮಾಡಿದ್ದೇನೆ. ಹಾಗಾಗಿ ಉಡುಪಿ, ಮಂಗಳೂರು ಕಡೆಯ ನಮ್ಮ ತುಳು ಸಂಸಾರಗಳೆಲ್ಲ ಸೇರಿ ಕೆಲ್ಲಿವಿಲ್‌ನಿಂದ ಆಚೆ ಒಂದು ಜಾಗ ಕೊಂಡು, ಸಭಾಭವನವನ್ನೂ ಅದರ ಪಕ್ಕ ಒಂದು ನಾಗನ ಕಟ್ಟೆಯನ್ನೂ ಕಟ್ಟುತ್ತೇವೆಂದು ಹೊರಟಾಗ, ಹೊರಗಿನ ನಕ್ಷೆಯ ಭಾರ ನನ್ನ ತಲೆಗೇ ಬಂತು. ಸಂಬಳವಿಲ್ಲದ ಕೆಲಸಕ್ಕೆ ನಮ್ಮವರು ಯಾವಾಗಲೂ ಪರಿಣತರನ್ನೇ ಹುಡುಕುತ್ತಾರೆ.

ಆ ಜಾಗ ಹಿಂದೆ ಯಾರೋ ಕುದುರೆ ಮೇಯಿಸುತ್ತಿದ್ದ ಹುಲ್ಲುಗಾವಲು. ಸುತ್ತಲೂ ಹೊಸ ಮನೆಗಳು ಬೇಲಿಯವರೆಗೆ ಬಂದು ನಿಂತಿದ್ದವು. ಹಿಂದಿನ ಮೂಲೆಯಲ್ಲಿ ಮಾತ್ರ ಒಂದು ಗುಂಪು ಹಳೆಯ ಮರಗಳಿದ್ದವು. ಗ್ರೇ ಬಾಕ್ಸ್, ಐರನ್‌ಬಾರ್ಕ್ ಎಂದು ಇಲ್ಲಿನವರು ಕರೆಯುವ, ನಮ್ಮ ನೀಲಗಿರಿಯ ದಾಯಾದಿ ಮರಗಳು. ಸಿಡ್ನಿಯ ಪಶ್ಚಿಮಕ್ಕೆಲ್ಲ ಒಂದು ಕಾಲದಲ್ಲಿ ಹಬ್ಬಿದ್ದ ಕಾಡಿನ ಚೂರು ಅದು. ಈಗ ಆ ಕಾಡು ಅಲ್ಲೊಂದು ಇಲ್ಲೊಂದು ಕಡೆ ತೇಪೆಯಷ್ಟು ಉಳಿದಿದೆ. ಅಲ್ಲಿನ ದೊಡ್ಡ ಮರದ ಕಾಂಡದಲ್ಲಿ ಪೊಟರೆಗಳಿದ್ದವು. ಇಂಥ ಮರದಲ್ಲಿ ಪೊಟರೆ ಬೀಳಲು ನೂರು ವರ್ಷವಾದರೂ ಬೇಕು. ಅದಿಲ್ಲದಿದ್ದರೆ ಗಿಳಿ, ಗೂಬೆ, ಮರದಲ್ಲೇ ಬದುಕುವ ಪೋಸಮ್ ಎಂಬ ಪ್ರಾಣಿ, ಯಾವುದಕ್ಕೂ ಬಾಣಂತನಕ್ಕೆ ಜಾಗವಿಲ್ಲ. ನಾನು ಮೊದಲ ಸಲ ಹೋದ ದಿನ ಆ ಕಾಂಡಕ್ಕೆ ಒಂದು ಉಡ ಅಂಟಿಕೊಂಡಿತ್ತು. ನಮ್ಮೂರಿನದಕ್ಕಿಂತ ದೊಡ್ಡದು, ಕಪ್ಪು ಮೈಮೇಲೆ ಹಳದಿ ಚುಕ್ಕೆ. ನನ್ನನ್ನು ಕಂಡು ಕಾಂಡದ ಆಚೆ ಬದಿಗೆ ಸರಿಯಿತು. ನಾನು ಸುತ್ತಿ ಹೋದರೆ ಅದೂ ಸುತ್ತಿತು. ಸಣ್ಣ ಮಕ್ಕಳ ಹಾಗೆ ಇಬ್ಬರೂ ಸ್ವಲ್ಪ ಹೊತ್ತು ಮರ ಸುತ್ತಿದೆವು.

ಆಗ ನನ್ನ ಬಾಯಿಗೆ ಬಂದ ಮಾತು 'ಬನ'. ಜೀವವೈವಿಧ್ಯ ಎಂಬ ಶಬ್ದ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ. ಅದು ಶಾಲೆಯ ಪುಸ್ತಕದ್ದು, ಅರಣ್ಯ ಇಲಾಖೆಯ ಬೋರ್ಡಿನದ್ದು. ನಮಗೆ ಗೊತ್ತಿದ್ದದ್ದು ನಾಗಬನ. ಅಲ್ಲಿ ಬಿದ್ದ ಒಣಕಡ್ಡಿಯನ್ನೂ ಒಲೆಗೆ ತರುವಂತಿರಲಿಲ್ಲ. ಯಾಕೆಂದು ಕೇಳಿದರೆ ಅಜ್ಜಿ ಕಣ್ಣು ದೊಡ್ಡದು ಮಾಡುತ್ತಿದ್ದರು, ಅಷ್ಟೇ ವಿವರಣೆ. ಈ ದೇಶದ ನನ್ನ ಸಹೋದ್ಯೋಗಿಗಳಿಗೆ ನಾನು ವರ್ಷಗಳಿಂದ ಜಂಬದಿಂದ ಹೇಳುತ್ತ ಬಂದದ್ದು ಇದನ್ನೇ. ನೀವು ಕಾನೂನು ಮಾಡಿ ಉಳಿಸುವುದನ್ನು ನಮ್ಮವರು ಕೈಮುಗಿದು ಉಳಿಸುತ್ತಾರೆ, ನಮ್ಮವರಿಗೆ ಇದನ್ನು ಕಲಿಸಬೇಕಾಗಿಲ್ಲ ಎಂದು. ಈ ಜಾಗ ಬೇರೆ ಯಾವ ಬಿಲ್ಡರ್ ಕೈಗೂ ಸಿಗದೆ ನಮ್ಮವರ ಕೈಗೆ ಬಂದದ್ದು ಮರಗಳ ಪುಣ್ಯ ಎಂದುಕೊಂಡೆ. ಅವು ಉಳಿಯಬೇಕು. ಅವು ಉಳಿದರೆ ನನ್ನ ಮಾತೂ ಉಳಿಯುತ್ತದೆ. ನನಗೆ ಬೇಕಾಗಿದ್ದದ್ದು ಇಷ್ಟೇ.

ಮೊದಲ ಸಭೆ ಟೂಂಗಾಬಿಯಲ್ಲಿ, ಅಂಗಡಿಗಳ ಹಿಂದಿನ ಒಂದು ಬಾಡಿಗೆ ಹಾಲ್‌ನಲ್ಲಿ ನಡೆಯಿತು. ಸಂಘದ ಅಧ್ಯಕ್ಷರು ರೈಲ್ವೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು, ಎಲ್ಲರಿಗೂ ಅಂಕಲ್. ಯಾರ ಮನೆಗೆ ಊರಿನಿಂದ ಅಪ್ಪ ಅಮ್ಮ ಬಂದರೂ ಏರ್‌ಪೋರ್ಟಿಗೆ ಹೋಗುವವರು ಅವರೇ. ಯಾರು ಆಸ್ಪತ್ರೆ ಸೇರಿದರೂ ಗಂಜಿಯ ಡಬ್ಬಿ ಹಿಡಿದು ಹೋಗುವವರೂ ಅವರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ಅವರನ್ನು ಬೈಯುವುದು ಸುಲಭ.

ಇಲ್ಲಿ ಒಂದು ಸಭಾಭವನ ಕಟ್ಟಬೇಕೆಂದರೆ ಒಳಗೆ ಎಷ್ಟು ಜನ ಕೂರುತ್ತಾರೋ ಅದಕ್ಕೆ ತಕ್ಕಷ್ಟು ಕಾರು ಹೊರಗೆ ನಿಲ್ಲಲು ಜಾಗ ತೋರಿಸಬೇಕು. ಮುಂದಿನ ಭಾಗ ಇಳಿಜಾರು, ಮಳೆನೀರಿನ ಕಾಲುವೆ ಬೇರೆ. ಕಾರು ನಿಲ್ಲಿಸಲು ಸಮತಟ್ಟಾದ ನೆಲ ಇದ್ದದ್ದು ಆ ಮರಗಳ ಮೂಲೆಯಲ್ಲಿ ಮಾತ್ರ.

"ಮರ ಬೇಡ ಅಂತ ಯಾರು ಹೇಳಿದ್ದು ಅಮ್ಮಾ? ಮರ ಬೇಕು. ಆದ್ರೆ ಕಾರು ಎಲ್ಲಿ ನಿಲ್ಲಿಸೋದು?" ಎಂದರು ಅಂಕಲ್.

ನಾನು ಬೇರೆ ನಕ್ಷೆ ತೋರಿಸಿದೆ. ಭವನವನ್ನು ಸ್ವಲ್ಪ ಚಿಕ್ಕದು ಮಾಡಿ, ಬದಿಗೆ ತಿರುಗಿಸಿ, ಕಾರುಗಳನ್ನು ಕಡಿಮೆ ಮಾಡುವುದು. ಕಾರ್ಯಕ್ರಮವಿದ್ದ ದಿನ ಮೆಟ್ರೋ ಸ್ಟೇಷನ್‌ನಿಂದ ಒಂದು ವ್ಯಾನ್ ಓಡಿಸುವುದು.

"ಪಟ್ಟೆ ಸೀರೆ ಉಟ್ಕೊಂಡು, ಪಾಯಸದ ಪಾತ್ರೆ ಹಿಡ್ಕೊಂಡು ಮೆಟ್ರೋದಲ್ಲಿ ಯಾರು ಬರ್ತಾರೆ ಮಾರಾಯ್ತಿ?" ಎಂದು ಒಬ್ಬರು ಆಂಟಿ ಕೇಳಿದರು. ಎಲ್ಲರೂ ನಕ್ಕರು. ನನಗೂ ನಗು ಬಂತು, ಯಾಕೆಂದರೆ ನಾನೂ ಕಾರಿನಲ್ಲೇ ಬಂದಿದ್ದೆ.

ಆಮೇಲೆ ಒಬ್ಬಳು ಚಿಕ್ಕ ವಯಸ್ಸಿನ ತಾಯಿ ಎದ್ದು ನಿಂತಳು. "ಅಕ್ಕಾ, ಆ ಮರದ ಕೆಳಗೆ ತರಗೆಲೆ ಎಲ್ಲ ರಾಶಿ ಬಿದ್ದಿದೆ. ಬ್ರೌನ್ ಸ್ನೇಕ್ ಇದ್ರೆ? ಮಕ್ಕಳು ಓಡಾಡ್ತಾರೆ."

"ನಾವು ಕಟ್ಟೋದು ನಾಗನಿಗೇ ಅಲ್ವಾ?" ಎಂದೆ.

"ಅದು ಬೇರೆ ಅಕ್ಕಾ, ಇದು ಬೇರೆ," ಎಂದಳು. ಅವಳ ಮುಖದಲ್ಲಿ ಕುಹಕವೇನೂ ಇರಲಿಲ್ಲ. ನಾಗನಿಗೆ ಹಾಲು ಬೇಕು, ಹಿಂಗಾರ ಬೇಕು, ಅರಸಿನ ಬೇಕು. ಹಾವು ಮಾತ್ರ ಬೇಡ.

ಆದರೂ ಆ ದಿನ ಮರ ಕಡಿಯೋಣ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅದು ನನಗೆ ಅರ್ಥವಾಗುತ್ತಿತ್ತು. ಎಷ್ಟು ಓದಿದವರಾದರೂ, ಯಾವ ಬ್ಯಾಂಕಿನಲ್ಲಿ ಯಾವ ಹುದ್ದೆಯಲ್ಲಿದ್ದರೂ, ನಾಗನ ಹೆಸರಿನಲ್ಲಿ ಕೊಂಡ ಜಾಗದ ಮರಕ್ಕೆ ಮೊದಲ ಕೊಡಲಿ ಹಾಕಿಸಿದವನು ಎಂದು ಹೇಳಿಸಿಕೊಳ್ಳಲು ನಮ್ಮ ಕಡೆಯವರಿಗೆ ಧೈರ್ಯ ಸಾಲದು. ಮಕ್ಕಳ ಚರ್ಮಕ್ಕೆ ಏನಾದರೂ ಆದರೆ, ಮದುವೆ ತಡವಾದರೆ, ಮೊದಲು ನೆನಪಾಗುವುದು ನಾಗದೋಷವೇ. ಕಲಿತ ವಿದ್ಯೆಯೆಲ್ಲ ಹಾಗಿರಲಿ, ನನ್ನ ಆಸೆ ನಿಂತಿದ್ದದ್ದು ಆ ಹೆದರಿಕೆಯ ಮೇಲೆ.

ಕೌನ್ಸಿಲ್‌ನ ನಿಯಮದಂತೆ ಒಬ್ಬಳು ಪರಿಸರ ತಜ್ಞೆ ಬಂದು ಮರಗಳನ್ನು ಪರೀಕ್ಷಿಸಿದಳು. ಇಲ್ಲಿಯ ಬಿಳಿ ಹೆಂಗಸು, ನನ್ನ ವಯಸ್ಸಿನವಳೇ, ಬಿಸಿಲಿಗೆ ಮುಖವೆಲ್ಲ ಮಚ್ಚೆ. ಪೊಟರೆಗಳನ್ನು ನೋಡಿ ನಿಜವಾಗಿ ಸಂತೋಷಪಟ್ಟಳು, ಕಾಂಡವನ್ನು ಹಸುವಿನ ಮೈ ತಟ್ಟಿದ ಹಾಗೆ ತಟ್ಟಿದಳು. "ಹಾಗಾದರೆ ಉಳಿಸಿ ಎಂದು ಬರೆಯುತ್ತೀಯಾ?" ಎಂದು ಕೇಳಿದೆ. "ಉಳಿಸಿ ಎನ್ನುವ ಮಾತಿಗೆ ನನ್ನ ವರದಿಯಲ್ಲಿ ಜಾಗವಿಲ್ಲ. ಕಡಿದರೆ ಅದಕ್ಕೆ ಸಮನಾದದ್ದು ಎಷ್ಟು ಎಂದು ಲೆಕ್ಕ ಹಾಕುವುದಷ್ಟೇ ನನ್ನ ಕೆಲಸ," ಎಂದಳು. ಇದಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಇಲ್ಲಿ ಕಾಡು ಕಡಿದವರು ಒಂದು ನಿಧಿಗೆ ಹಣ ಕಟ್ಟಬೇಕು, ಆ ನಿಧಿಯವರು ಬೇರೆಲ್ಲೋ ಅಂಥದೇ ಕಾಡನ್ನು ಕಾಪಾಡಬೇಕು. ಕೇಳಲು ನ್ಯಾಯವಾಗಿಯೇ ಇದೆ.

ಅದೇ ದಿನ ಆ ನೆಲದ ಮೂಲನಿವಾಸಿ ಸಮುದಾಯದ ಒಬ್ಬ ಹಿರಿಯ ಹೆಂಗಸೂ ಬಂದಿದ್ದರು. ಅವರ ಅಭಿಪ್ರಾಯ ಕೇಳುವುದೂ ನಿಯಮವೇ. ಅವರು ಮರಗಳ ಕೆಳಗೆ ಮಡಚುವ ಕುರ್ಚಿ ಹಾಕಿಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ನಾನು ಚಹಾ ಕೊಟ್ಟೆ. "ನಾನು ಹೇಳಿದ್ದರಿಂದ ಏನಾದರೂ ಬದಲಾಗುತ್ತದಾ?" ಎಂದು ಕೇಳಿದರು. "ವರದಿಯಲ್ಲಿ ಬರೆಯುತ್ತಾರೆ," ಎಂದೆ. "ಹೌದು, ಬರೆಯುತ್ತಾರೆ," ಎಂದು ಚಹಾ ಕುಡಿದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿನ ನನ್ನ ಮಾತು ನನಗೇ ಅಸಹ್ಯವಾಯಿತು. ಅವರು ಇಂಥ ಉತ್ತರವನ್ನು ಎಷ್ಟು ಸಲ ಕೇಳಿದ್ದರೋ.

ಆ ಚಳಿಗಾಲದಲ್ಲಿ ಆಫೀಸಿನವರು ನನ್ನನ್ನು ಮೆಲ್ಬರ್ನ್‌ಗೆ ಕಳಿಸಿದರು. ನಗರಗಳನ್ನು ವಿನ್ಯಾಸ ಮಾಡುವವರು ತಮ್ಮ ತಮ್ಮ ಸಂಸ್ಕೃತಿಯಲ್ಲಿ ಜೀವವೈವಿಧ್ಯವನ್ನು ಹೇಗೆ ನೋಡುತ್ತಾರೆ ಎಂಬ ವಿಷಯದ ಮೇಲೆ ಅಲ್ಲೊಂದು ಕಾರ್ಯಾಗಾರ. ಡಚ್ಚರವನೊಬ್ಬ ಕೆರೆಯ ಅಂಚನ್ನು ಸ್ಕೇಲಿಟ್ಟು ಎಳೆದ ಚಿತ್ರ ತೋರಿಸಿ, ನಮ್ಮಲ್ಲಿ ನಿಸರ್ಗವನ್ನೂ ಮನುಷ್ಯರೇ ಮಾಡಿದ್ದು, ಅದರಲ್ಲಿ ನಾಚಿಕೆ ಏನು ಎಂದ. ದಕ್ಷಿಣ ಚೀನಾದವಳೊಬ್ಬಳು ತನ್ನ ಹಳ್ಳಿಯ ಹಿಂದಿನ ಗುಡ್ಡದ ಕಾಡನ್ನು ಮುಟ್ಟಿದರೆ ಊರಿನ ಅದೃಷ್ಟವೇ ಹೋಗುತ್ತದೆ ಎಂದು ಹಿರಿಯರು ನಂಬಿದ್ದನ್ನು ಹೇಳಿದಳು. ಈ ದೇಶದವರು, ಬಿಳಿಯರು ಬರುವ ಮೊದಲು ಯಾವ ಗಿಡ ಇತ್ತೋ ಅದನ್ನೇ ನೆಡಬೇಕು ಎಂದು ವಾದಿಸಿದರು. ನಾನು ನಮ್ಮ ಮನೆಯ ನಾಗಬನದ ಫೋಟೋ ತೋರಿಸಿದೆ. ಬಳ್ಳಿ ಸುತ್ತಿಕೊಂಡ ಮರಗಳು, ಕತ್ತಲೆ, ನಡುವೆ ಅರಸಿನ ಮೆತ್ತಿದ ಕಲ್ಲು. ಇಡೀ ಸಭೆ ಉಸಿರು ಹಿಡಿದು ನೋಡಿತು. ಆಮೇಲೆ ಎಲ್ಲರೂ ಬಣ್ಣದ ಚೀಟಿಗಳಲ್ಲಿ ತಮಗನಿಸಿದ್ದನ್ನು ಬರೆದು ಗೋಡೆಗೆ ಅಂಟಿಸಿದರು. ನಂಬಿಕೆಯನ್ನು ವಿನ್ಯಾಸದೊಳಗೆ ತರುವುದು ಹೇಗೆ ಎಂದು ಯಾರೋ ಬರೆದಿದ್ದರು. ಊಟದ ಹೊತ್ತಿಗೆ ಚೀಟಿಗಳು ಒಂದೊಂದಾಗಿ ಉದುರತೊಡಗಿದವು. ಅಂಟು ಕಡಿಮೆ ಇತ್ತೋ ಏನೋ.

ಸಂಜೆ ನನ್ನ ಹಳೆಯ ಗೆಳತಿ ಕಾರು ತಂದಳು. ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್ ಮನೆಯವಳು. ನಾವಿಬ್ಬರೂ ಇದೇ ಊರಿನ ಕ್ಲೇಟನ್‌ನಲ್ಲಿ ಓದುವಾಗ ಒಂದೇ ಕೋಣೆಯ ರೆಂಟ್ ಹಂಚಿಕೊಂಡು, ಒಂದೇ ಬಸ್ಸಿಗೆ ಓಡಿದವರು. ಈಗ ಅವಳು ಮೆಲ್ಬರ್ನ್‌ನ ಪಶ್ಚಿಮದ ಕಡೆ ಯೋಜನಾ ಅಧಿಕಾರಿ. ಸಭೆಯ ಕೊನೆಯ ಸಾಲಿನಲ್ಲಿ ಕುಳಿತು ನನ್ನ ಮಾತು ಕೇಳಿದ್ದಳು.

"ಆ ಫೋಟೋ ಯಾವ ಕಾಲದ್ದು ಮಾರಾಯ್ತಿ?" ಎಂದು ಕಾರು ಹೊರಡುವ ಮೊದಲೇ ಕೇಳಿದಳು.

"ಹಳೇದು."

"ಈಗ ಹೇಗುಂಟು?"

"ಜೀರ್ಣೋದ್ಧಾರ ಮಾಡಿದ್ರು. ಗ್ರಾನೈಟ್ ಹಾಕಿ, ಸುತ್ತ ಸ್ಟೀಲ್ ಬೇಲಿ. ಒಂದೆರಡು ಮರ ಬಿಟ್ಟಿದ್ದಾರೆ. ಆದ್ರೆ ಎಲ್ಲ ಕಡೆ ಹಾಗಿಲ್ಲ, ಇನ್ನೂ ಕೆಲವು ಬನ ಚೆನ್ನಾಗೇ ಉಂಟು."

"ನಮ್ಮ ಜಾಗದಲ್ಲೂ ಒಂದು ಬನ ಇತ್ತು, ಗೊತ್ತುಂಟಾ? ಅಪ್ಪ ವರ್ಷಕ್ಕೊಮ್ಮೆ ಪಕ್ಕದ ಮನೆಯವರ ಕೈಲಿ ಎಳನೀರು ಕೊಟ್ಟು ನೀವೇ ಇಡಿ ಅಂತಿದ್ರು. ನಾವು ಚರ್ಚಿಗೆ ಹೋಗೋರು, ಆದ್ರೂ ಅಲ್ಲಿ ಒಂದು ಎಲೆ ಮುಟ್ತಿರ್ಲಿಲ್ಲ. ಆಮೇಲೆ ಜಾಗ ಮಾರಿದ್ರು. ಅಪಾರ್ಟ್‌ಮೆಂಟ್ ಬಂತು."

"ಬನ?"

"ಲಿಫ್ಟ್ ಪಕ್ಕದಲ್ಲಿ ಒಂದು ಗೂಡು ಮಾಡಿ ಇಟ್ಟಿದ್ದಾರೆ. ಟೈಲ್ಸ್ ಎಲ್ಲ ಹಾಕಿ, ನೀಟಾಗಿ ಉಂಟು."

ಅವಳು ನನ್ನನ್ನು ಊರಾಚೆಗೆ ಕರೆದುಕೊಂಡು ಹೋಗಿ ಒಂದು ಬೇಲಿಯ ಪಕ್ಕ ಕಾರು ನಿಲ್ಲಿಸಿದಳು. ದಾರಿಯುದ್ದಕ್ಕೂ ಹೊಸ ಮನೆಗಳನ್ನು ತೋರಿಸುತ್ತ ಬಂದಿದ್ದಳು. ಆ ಮನೆಗಳ ಅಡಿಯಲ್ಲಿ ಒಂದು ಕಾಲಕ್ಕೆ ಅಪರೂಪದ ಹುಲ್ಲುಗಾವಲು ಇತ್ತಂತೆ. ಅದಕ್ಕೆ ಬದಲಾಗಿ ಕಾಪಾಡಬೇಕೆಂದು ಗುರುತಿಸಿದ ನೆಲ ಈ ಬೇಲಿಯ ಒಳಗಿನದು. ಗಾಳಿ ಕಿವಿ ಕೊಯ್ಯುವಂತೆ ಬೀಸುತ್ತಿತ್ತು. ಒಳಗೆ ಕಲ್ಲು, ಮೊಣಕಾಲೆತ್ತರದ ಮುಳ್ಳುಗಳ್ಳಿಯಂಥ ಕಳೆ, ಗಾಳಿಗೆ ಬಂದು ಸಿಕ್ಕಿಕೊಂಡ ಪ್ಲಾಸ್ಟಿಕ್ಕು.

"ಇಲ್ಲೇನಿದೆ?" ಎಂದೆ.

"ಮುಂದೆ ಇರ್ತದೆ ಅಂತ ಕಾಗದದಲ್ಲಿ ಉಂಟು," ಎಂದಳು. "ಕೆಲವು ಕಡೆ ನಿಜವಾಗಿಯೂ ಕಾಪಾಡ್ತಾರೆ, ಸುಳ್ಳು ಹೇಳ್ಬಾರ್ದು. ಇಲ್ಲಿ ಮನೆ ಮೊದಲು ಬಂತು, ಹುಲ್ಲು ಆಮೇಲೆ ಬರ್ತದಂತೆ. ನಾನೇ ಸಹಿ ಹಾಕಿದ್ದು, ಬೇರೆಯವರನ್ನು ಬೈಯ್ಲಿಕ್ಕೂ ಆಗೋದಿಲ್ಲ." ಅವಳು ಚಳಿಗೆ ಕೈ ಉಜ್ಜಿಕೊಳ್ಳುತ್ತ ನಕ್ಕಳು. ನನಗೆ ನಗು ಬರಲಿಲ್ಲ. ಸಿಡ್ನಿಗೆ ಮರಳುವ ವಿಮಾನದಲ್ಲಿ, ನಮ್ಮ ಮರಗಳನ್ನು ಆಫ್‌ಸೆಟ್‌ನ ದಾರಿಗೆ ಹೋಗಲು ಬಿಡಬಾರದು ಎಂದು ಗಟ್ಟಿ ಮಾಡಿಕೊಂಡೆ.

ಮುಂದಿನ ಸಭೆಗೆ ತಜ್ಞೆಯ ವರದಿ ಬಂದಿತ್ತು. ಆಫ್‌ಸೆಟ್ ಎಂದರೇನೆಂದು ವಿವರಿಸುವ ಕೆಲಸ ನನ್ನದು. ನಾನು ಉದ್ದೇಶಪೂರ್ವಕವಾಗಿ ಅದನ್ನು ಕಹಿಯಾಗಿಯೇ ಹೇಳಿದೆ. ಮೆಲ್ಬರ್ನ್‌ನ ಬೇಲಿಯ ಕತೆ ಹೇಳಿದೆ. ಇಲ್ಲಿಯದನ್ನು ಕೊಂದು ಅಲ್ಲೆಲ್ಲೋ ಇದೆ ಎಂದು ಲೆಕ್ಕ ತೋರಿಸುವುದು, ಮೂಗಿಗೆ ತುಪ್ಪ ಸವರುವುದು, ಇನ್ನೇನೂ ಅಲ್ಲ ಎಂದೆ. ಎಲ್ಲರೂ ತಲೆ ತಗ್ಗಿಸಿ ಕುಳಿತಿದ್ದರು. ಗೆದ್ದೆ ಎಂದೇ ಅನಿಸಿತ್ತು.

ಆಗ ಅಂಕಲ್ ನಿಧಾನವಾಗಿ ತಲೆ ಎತ್ತಿದರು. ಕಷ್ಟದ ಲೆಕ್ಕ ಬಿಡಿಸಿದವರ ಹಾಗೆ ಅವರ ಮುಖ ಅರಳಿತ್ತು.

"ಅಮ್ಮಾ, ಇದು ನಮ್ಮ ಸಾನ್ನಿಧ್ಯ ಸಂಕೋಚ ಅಲ್ವಾ?"

ನಮ್ಮ ಕಡೆ ಹಳೆಯ ದೇವಸ್ಥಾನವನ್ನು ಕೆಡವಿ ಹೊಸದಾಗಿ ಕಟ್ಟುವಾಗ, ಮೊದಲು ಪೂಜೆ ಮಾಡಿ ದೇವರ ಸಾನ್ನಿಧ್ಯವನ್ನು ಮೂರ್ತಿಯಿಂದ ಕಲಶದೊಳಗೆ ಸೆಳೆದುಕೊಳ್ಳುತ್ತಾರೆ. ಆ ಕಲಶವನ್ನು ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿಟ್ಟು ಕಾಯುತ್ತಾರೆ. ಅದೇ ಸಾನ್ನಿಧ್ಯ ಸಂಕೋಚ. ಅದು ಮುಗಿದ ಮೇಲೆ ಗೋಡೆ ಬರೀ ಗೋಡೆ, ಕಲ್ಲು ಬರೀ ಕಲ್ಲು. ಹಾರೆ ಹಾಕಿದರೆ ಯಾರಿಗೂ ದೋಷವಿಲ್ಲ.

"ಮರದಲ್ಲಿರೋದನ್ನು ಕಲಶಕ್ಕೆ ತಗೊಳ್ಳೋದು, ಸರ್ಕಾರ ಕಾಪಾಡ್ತದಲ್ಲ, ಆ ಕಾಡಿಗೆ ಕಳಿಸೋದು. ಇವರು ಅದಕ್ಕೆ ಇಂಗ್ಲಿಷಿನಲ್ಲಿ ಆಫ್‌ಸೆಟ್ ಅಂತಾರೆ, ಅಷ್ಟೇ," ಎಂದರು ಅಂಕಲ್.

ಸಂಕೋಚ ಎಂದರೆ ಉಳಿದ ಕನ್ನಡದಲ್ಲಿ ಹಿಂಜರಿಕೆ. ಆ ಹಾಲ್‌ನಲ್ಲಿ ಆ ಒಂದು ಶಬ್ದ ಕೇಳಿದೊಡನೆ ಎಲ್ಲರ ಹಿಂಜರಿಕೆಯೂ ಹೋಯಿತು. ಕುರ್ಚಿಗಳು ಕಿರಗುಟ್ಟಿದವು, ಜನ ಪರಸ್ಪರ ತಿರುಗಿ ಮಾತಾಡತೊಡಗಿದರು, ಯಾರೋ ಚಹಾದ ಫ್ಲಾಸ್ಕ್ ಬಿಚ್ಚಿದರು.

"ಅಂಕಲ್, ದೇವಸ್ಥಾನದಲ್ಲಿ ಸಾನ್ನಿಧ್ಯ ವಾಪಸ್ ಅದೇ ಜಾಗಕ್ಕೆ ಬರ್ತದೆ. ಇಲ್ಲಿ ಆ ಮರ ವಾಪಸ್ ಬರೋದಿಲ್ಲ," ಎಂದೆ. ನನ್ನ ದನಿ ಏರಿತ್ತು.

"ಬೇರೆ ಕಡೆ ಬರ್ತದಲ್ಲಮ್ಮಾ. ನೀನೇ ಈಗ ವಿವರಿಸಿ ಹೇಳಿದ್ದಲ್ವಾ?"

ಒಪ್ಪಿಗೆ ಇರುವವರು ಕೈ ಎತ್ತಲು ಹೇಳಿದರು. ಎಲ್ಲರ ಕೈಯೂ ಮೇಲೆ ಹೋಯಿತು. ನನ್ನ ಪಕ್ಕದಲ್ಲಿ ಕುಳಿತಿದ್ದ ನನ್ನ ಗಂಡನ ಕೈಯೂ ಹೋಯಿತು. ಮನೆಗೆ ಬರುವಾಗ "ಎಲ್ಲರೂ ಎತ್ತಿದ್ರಲ್ಲಾ, ನಾನೊಬ್ಬ ಹೇಗೆ ಸುಮ್ನೆ ಕೂರೋದು?" ಎಂದರು. ಹಿಂದಿನ ಸೀಟಿನಲ್ಲಿದ್ದ ಮಗಳು ಇಂಗ್ಲಿಷಿನಲ್ಲಿ, ಅಮ್ಮ ಅಳುತ್ತಿದ್ದಾಳೆ, ಸ್ವಲ್ಪ ಬಾಯಿ ಮುಚ್ಚಪ್ಪಾ ಎಂದಳು. ನಾನು ಅಳುತ್ತಿರಲಿಲ್ಲ. ಸಿಟ್ಟು ಬಂದರೂ ನನ್ನ ಕಣ್ಣಲ್ಲಿ ನೀರೇ ಬರುವುದು.

ತಜ್ಞೆಗೆ ಈ ವಿಷಯ ತಿಳಿದಾಗ ಅವಳಿಗೆ ಹಿಡಿಸಲಾರದಷ್ಟು ಕುತೂಹಲ. ಇದು ನಿಜವಾಗಿಯೂ ನಿಮ್ಮ ಸಂಪ್ರದಾಯವೇ ಎಂದು ಕೇಳಿದಳು. ಹೌದು ಎಂದೆ, ಇಲ್ಲ ಎನ್ನುವಂತಿರಲಿಲ್ಲ. ಸಮುದಾಯವು ತನ್ನ ಸಂಸ್ಕೃತಿಗೆ ಅನುಗುಣವಾಗಿ ಮರಗಳನ್ನು ಬೀಳ್ಕೊಡಲಿದೆ ಎಂದು ಅವಳು ವರದಿಗೆ ಒಂದು ವಾಕ್ಯ ಸೇರಿಸಿದಳು. ಕೌನ್ಸಿಲ್‌ನವರು ಅದನ್ನು ಮೆಚ್ಚಿಕೊಂಡರು. ನನ್ನ ಆಫೀಸಿನಲ್ಲಿ ಒಬ್ಬ, ಮುಂದಿನ ಕಾರ್ಯಾಗಾರಕ್ಕೆ ಇದರ ಮೇಲೆ ಒಂದು ಸ್ಲೈಡ್ ಮಾಡಬಹುದಲ್ಲ ಎಂದು ಕೇಳಿದ. ಸಂಸ್ಕೃತಿಗಳ ನಡುವೆ ಸೇತುವೆ ಕಟ್ಟಬೇಕು ಎಂದು ನಾವೆಲ್ಲ ಹೇಳುತ್ತಿದ್ದೆವು. ಕಟ್ಟಿದ ಸೇತುವೆಯ ಮೇಲೆ ಮೊದಲು ದಾಟಿದ್ದು ಬುಲ್ಡೋಜರ್.

ಪೂಜೆಯ ದಿನ ಸಿಡ್ನಿಯಲ್ಲೇ ಇರುವ ನಮ್ಮ ಕಡೆಯ ಭಟ್ಟರು ಬಂದರು. ದೊಡ್ಡ ಮರದ ಬುಡದಲ್ಲಿ ಮಂಡಲ ಬರೆದು, ನೂಲು ಸುತ್ತಿದ ಕಲಶ ಇಟ್ಟು, ಮರದಲ್ಲಿ ವಾಸವಾಗಿರುವ ಸಕಲ ಜೀವಗಳೂ ಕ್ಷಮಿಸಿ ಬೇರೆಡೆಗೆ ಹೋಗಬೇಕೆಂದು ಪ್ರಾರ್ಥಿಸಿದರು. ಜನ ಶ್ರದ್ಧೆಯಿಂದ ಕೈಮುಗಿದು ನಿಂತಿದ್ದರು. ಮೇಲೆ ಗಿಳಿಗಳ ಗದ್ದಲದಲ್ಲಿ ಮಂತ್ರ ಸರಿಯಾಗಿ ಕೇಳುತ್ತಿರಲಿಲ್ಲ. ಸಂಕಲ್ಪದ ಹೊತ್ತಿಗೆ ಭಟ್ಟರು ತಲೆ ಎತ್ತಿ ಕೇಳಿದರು: "ಎಲ್ಲಿಗೆ?"

"ಎಂತ ಎಲ್ಲಿಗೆ?" ಎಂದರು ಅಂಕಲ್.

"ಸಾನ್ನಿಧ್ಯ ಎಲ್ಲಿಗೆ ಹೋಗಿ ನೆಲೆಸ್ತದೆ ಅಂತ ಜಾಗದ ಹೆಸರು ಹೇಳ್ಬೇಕಲ್ಲ. ಆ ಕಾಡು ಎಲ್ಲುಂಟು?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಅಲ್ಲಿಂದಲೇ ತಜ್ಞೆಗೆ ಫೋನ್ ಮಾಡಿದೆ. ಅವಳು ಪಾಪ, ತಾಳ್ಮೆಯಿಂದಲೇ ಹೇಳಿದಳು. ನೀವು ನಿಧಿಗೆ ಹಣ ಕಟ್ಟಿದ್ದೀರಿ, ಸೂಕ್ತ ಜಾಗವನ್ನು ಅವರು ಮುಂದೆ ಹುಡುಕುತ್ತಾರೆ, ಇದೇ ಮರಕ್ಕೆ ಇದೇ ಜಾಗ ಎಂದು ಇರುವುದಿಲ್ಲ. ಅದನ್ನೇ ನಾನು ಜೋರಾಗಿ ಎಲ್ಲರಿಗೂ ಹೇಳಿದೆ. ಭಟ್ಟರು ದರ್ಭೆ ಕೆಳಗಿಟ್ಟರು. "ಜಾಗ ಗೊತ್ತಿಲ್ಲದೆ ಹೇಗೆ ಎಬ್ಬಿಸೋದು? ಎಬ್ಬಿಸಿದ್ಮೇಲೆ ಕೂರ್ಲಿಕ್ಕೆ ಒಂದು ನೆಲೆ ಬೇಡ್ವಾ?"

ಆ ಕ್ಷಣದಲ್ಲಿ ನನಗೆ ಎಷ್ಟು ಆಸೆ ಹುಟ್ಟಿತೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ಕಾನೂನು ಕೇಳದ ಪ್ರಶ್ನೆಯನ್ನು ಶಾಸ್ತ್ರ ಕೇಳಿತ್ತು. ಎಲ್ಲರ ಮುಖದಲ್ಲಿ ಹಳೆಯ ಹೆದರಿಕೆ ಮತ್ತೆ ಕಾಣಿಸಿತು.

ಅಂಕಲ್ ಕಣ್ಣುಮುಚ್ಚಿ ಸ್ವಲ್ಪ ಯೋಚಿಸಿದರು. "ಸದ್ಯಕ್ಕೆ ನಮ್ಮ ಮನೆಗೆ ಬರ್ಲಿ," ಎಂದರು. "ಗ್ಯಾರೇಜು ಖಾಲಿ ಉಂಟು. ಶುದ್ಧ ಮಾಡಿಸ್ತೇನೆ, ಎರಡು ಹೊತ್ತು ದೀಪ ಇಡ್ತೇನೆ. ಅದೇ ಬಾಲಾಲಯ ಆಗ್ಲಿ. ಸರ್ಕಾರದವರು ಅಡ್ರೆಸ್ ಕೊಟ್ಟ ಕೂಡ್ಲೇ ಅಲ್ಲಿಗೆ ತಗೊಂಡ್ಹೋಗಿ ಬಿಡುವ. ಹಾಗಾದ್ರೆ ಅಡ್ಡಿ ಇಲ್ಲ ಅಲ್ವಾ ಭಟ್ರೇ?"

ಭಟ್ಟರು ದರ್ಭೆಯನ್ನು ಮತ್ತೆ ಕೈಗೆತ್ತಿಕೊಂಡರು. "ತಾತ್ಕಾಲಿಕಕ್ಕೆ ಅಡ್ಡಿ ಇಲ್ಲ," ಎಂದರು. ಸಂಕಲ್ಪದಲ್ಲಿ ಕೆಲ್ಲಿವಿಲ್‌ನಲ್ಲಿ ಅಂಕಲ್ ಇರುವ ಬೀದಿಯ ಹೆಸರು, ಮನೆಯ ನಂಬರು ಸೇರಿತು. ಅಂಕಲ್ ಕಲಶವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲಿಂದ ಸೀಟ್‌ಬೆಲ್ಟ್ ಹಾಕಿಸಿಕೊಂಡು, ಮಗನ ಕಾರಿನಲ್ಲಿ ಹೊರಟರು.

ಮರ ಕಡಿಯುವ ದಿನ ನಾನು ಹೋಗಬೇಕಾಗಿರಲಿಲ್ಲ, ಹೋದೆ. ತಜ್ಞೆ ಪೊಟರೆಗಳೊಳಗೆ ಕ್ಯಾಮರಾ ಇಳಿಸಿ ಸಿಕ್ಕ ಜೀವಗಳನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡಳು. ದೊಡ್ಡ ಮರ ಬಿದ್ದಾಗ ನೆಲದಿಂದ ನನ್ನ ಕಾಲಿಗೆ ಅದುರು ಬಂತು. ಉಡವನ್ನು ಹಿಡಿಯಲು ಯಾರಿಂದಲೂ ಆಗಲಿಲ್ಲ. ಅದು ಬೇಲಿಯತ್ತ ಓಡಿ, ಪಕ್ಕದ ಮನೆಯ ತಗಡಿನ ಬೇಲಿ ಹತ್ತಲು ನೋಡಿತು. ಉಡದ ಹಿಡಿತ ಎಂದು ನಾವು ಗಾದೆಯ ಹಾಗೆ ಹೇಳುತ್ತೇವೆ. ತಗಡಿನಲ್ಲಿ ಹಿಡಿಯಲು ಏನೂ ಇರಲಿಲ್ಲ, ಜಾರಿ ಜಾರಿ ಬಿದ್ದಿತು. ಆಮೇಲೆ ಬೇಲಿಯ ಪಕ್ಕದಲ್ಲೇ ರಸ್ತೆಯ ಕಡೆ ಹೋಯಿತು. ನಾನು ಹಿಂದೆ ಹೋಗಿ ನೋಡಲಿಲ್ಲ.

ಈಗ ಭವನ ಎದ್ದಿದೆ. ಮೂಲೆಯಲ್ಲಿ ಕಾರುಗಳು ಸಾಲಾಗಿ ನಿಲ್ಲುತ್ತವೆ, ನಾಗನ ಕಟ್ಟೆಗೆ ಊರಿನಿಂದ ಕಲ್ಲು ಬಂದಿದೆ. ನಾಗರಪಂಚಮಿ ಇಲ್ಲಿಯ ಚಳಿಗಾಲಕ್ಕೆ ಬರುತ್ತದೆ, ಹಾವುಗಳೆಲ್ಲ ಮಲಗಿರುವ ಕಾಲ, ಅದು ಎಲ್ಲರಿಗೂ ಅನುಕೂಲ. ನಾನು ಹೋಗಿ ಹಾಲು ಕೊಟ್ಟು ಪ್ರಸಾದ ತಂದೆ. ನಮ್ಮವರಿಗೆ ಕಲಿಸಬೇಕಾಗಿಲ್ಲ ಎಂಬ ಮಾತನ್ನು ಆಫೀಸಿನಲ್ಲಿ ಹೇಳುವುದು ಬಿಟ್ಟಿದ್ದೇನೆ. ಇಲ್ಲಿಯವರಿಗೂ ನಮಗೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ, ಅವರು ಕಡಿಯುವ ಮೊದಲು ವರದಿ ಬರೆಯುತ್ತಾರೆ, ನಾವು ಪೂಜೆ ಮಾಡುತ್ತೇವೆ ಎನ್ನಬೇಕಾದೀತು.

ಅಂಕಲ್ ಮಾತಿಗೆ ತಪ್ಪಲಿಲ್ಲ. ಎರಡು ಹೊತ್ತೂ ಗ್ಯಾರೇಜಿನಲ್ಲಿ ದೀಪ ಇಡುತ್ತಾರೆ. ಚಳಿಯಲ್ಲೂ ಅಲ್ಲಿಗೆ ಬರಿಗಾಲಲ್ಲೇ ಹೋಗುತ್ತಾರೆ, ಆಂಟಿ ಬೈಯುತ್ತಾರೆ. ಅವರ ಮಗ ಮೂರು ಮಾತಿಗೊಮ್ಮೆ ಈ ದೊಡ್ಡ ಮನೆ ಮಾರಿ ಸಣ್ಣದಕ್ಕೆ ಹೋಗೋಣ ಎನ್ನುತ್ತಾನೆ. ಕಲಶ ಒಂದು ನೆಲೆ ಕಾಣದೆ ನಾನೆಲ್ಲಿಗೂ ಬರುವುದಿಲ್ಲ ಎಂದು ಅವರು ಕುಳಿತಿದ್ದಾರೆ. ಆ ನಿಧಿಯವರಿಗೆ ನಾನು ಮತ್ತೆ ಮತ್ತೆ ಬರೆದೆ. ಕೊನೆಗೆ ಒಂದು ಸಭ್ಯ ಉತ್ತರ ಬಂತು. ನಿಮ್ಮ ಕಡೆಯ ಹೊಣೆ ಪೂರ್ಣಗೊಂಡಿದೆ, ನಿಮ್ಮ ಯೋಜನೆಗೆಂದು ಪ್ರತ್ಯೇಕ ಸ್ಥಳವನ್ನು ಸೂಚಿಸಲಾಗುವುದಿಲ್ಲ. ಅದನ್ನು ನಾನು ಅಂಕಲ್‌ಗೆ ಓದಿ ಹೇಳಿಲ್ಲ.

ಕಳೆದ ವಾರವೂ ಅಂಕಲ್ ಫೋನ್ ಮಾಡಿದ್ದರು. ಕೆಮ್ಮು ಜೋರಿತ್ತು.

"ಅಡ್ರೆಸ್ ಬಂತಾ ಅಮ್ಮಾ?"

"ಇನ್ನೂ ಇಲ್ಲ ಅಂಕಲ್."

"ಬೇಜಾರು ಮಾಡ್ಕೊಳ್ಬೇಡ. ಸರ್ಕಾರದ ಕೆಲಸ, ನಿಧಾನ. ಬರ್ತದೆ," ಎಂದು ಅವರೇ ನನಗೆ ಸಮಾಧಾನ ಹೇಳಿದರು. ನಾನು ಹೂಂ ಎಂದೆ.